ಕರೆಂಟ್ ಇಲ್ಲದ ಹೊತ್ತಿನ ಓದು

ಬೀಳಗಿಯಲ್ಲಿ ಎರಡು ದಿನದ ತರಬೇತಿ ಇತ್ತು. ನಮ್ಮ ಇಲಾಖೆಯವರಿಗೆ ಇಂಥವನ್ನು ಆಗಾಗ ಮಾಡುತ್ತಾರೆ. ಉಪ್ಪಿಟ್ಟು, ಚಹಾ, ಗೋಡೆಯ ಮೇಲೆ ಬೀಳುವ ಚಿತ್ರಗಳು, ಊಟ, ಆಮೇಲೆ ಎಲ್ಲರಿಗೂ ತೂಕಡಿಕೆ. ಮೊದಲ ದಿನ ಒಂದು ಹಾಳೆ ಕೊಟ್ಟು ತುಂಬಲು ಹೇಳಿದರು. ಹೆಸರು, ಹುದ್ದೆ, ಸೇವೆಗೆ ಸೇರಿದ ವರ್ಷ ಎಲ್ಲವನ್ನೂ ಸರಸರ ಬರೆದೆ. ಕೊನೆಯಲ್ಲಿ ‘ಹವ್ಯಾಸಗಳು’ ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಮುಧೋಳ ಕಚೇರಿಯ ಗುಮಾಸ್ತ ‘ಓದುವುದು, ಸಂಗೀತ ಕೇಳುವುದು, ಪ್ರವಾಸ’ ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದ. ಆ ಮನುಷ್ಯ ಕಡತದ ಮೇಲಿನ ವಿಷಯವನ್ನೇ ಪೂರ್ತಿ ಓದುವುದಿಲ್ಲ. ಮುಧೋಳದಲ್ಲಿ ನಾಲ್ಕು ವರ್ಷ ಅವನ ಪಕ್ಕದ ಮೇಜಿನಲ್ಲಿದ್ದ ನನಗೆ ಅದು ಚೆನ್ನಾಗಿ ಗೊತ್ತು. ಆದರೂ ಅವನಿಗೆ ಬರೆಯಲು ಏನೋ ಒಂದು ಇತ್ತು. ನಾನು ಆ ಜಾಗವನ್ನು ಖಾಲಿ ಬಿಟ್ಟು ಹಾಳೆ ಕೊಟ್ಟೆ.

ನಲವತ್ತಾರು ವರ್ಷದ ಹೆಂಗಸಿಗೆ ತನಗೆ ಏನು ಇಷ್ಟ ಎಂಬುದೇ ಗೊತ್ತಿಲ್ಲವೇ ಎಂಬ ಯೋಚನೆ ಆ ದಿನವೆಲ್ಲ ತಲೆ ತಿಂದಿತು. ಹೊತ್ತು ಕಳೆಯಲು ನನಗೆ ಫೋನ್ ಇತ್ತು. ಬಸ್ಸಿನಲ್ಲಿ ಫೋನ್, ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಫೋನ್, ಮನೆಗೆ ಬಂದು ಗೋಡೆಗೆ ಒರಗಿದರೆ ನಿದ್ದೆ ಬರುವವರೆಗೆ ಫೋನ್. ಯಾರೋ ಅಡುಗೆ ಮಾಡುವುದು, ಯಾರದೋ ಮದುವೆ, ಯಾರೋ ಜಾರಿ ಬಿದ್ದದ್ದು, ಯಾರೋ ಅತ್ತದ್ದು. ಎಲ್ಲವನ್ನೂ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಏಳೆಂಟು ವರ್ಷ ಕಳೆದಿದ್ದೆ. ಅದನ್ನು ಹವ್ಯಾಸವೆಂದು ಬರೆಯಲು ನಾಚಿಕೆಯಾಯಿತು, ಅಷ್ಟೇ.

ಎರಡನೆಯ ದಿನ ಸಂಜೆ ಜಮಖಂಡಿ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಆ ಫೋನ್ ಕೈಜಾರಿತು. ಕೈಯಲ್ಲಿ ಹಿಡಿದುಕೊಂಡೇ ಇಳಿಯುವ ಕೆಟ್ಟ ಚಾಳಿ ನನ್ನದು. ಹಿಂದಿನವರು ನೂಕಿದರು, ಅದು ಕಲ್ಲಿನ ಮೇಲೆ ಬಿತ್ತು, ಪರದೆ ಕಪ್ಪಾಯಿತು. ಎದುರಿನ ರಿಪೇರಿ ಅಂಗಡಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರ ಡಿಸ್‌ಪ್ಲೇ ಇಲ್ಲಿ ಸಿಗುವುದಿಲ್ಲ, ಬೆಳಗಾವಿಯಿಂದ ತರಿಸಬೇಕು, ನಾಳೆ ಬರುತ್ತದೆ ಎಂದ. ಅವನ ನಾಳೆ ಬರಲು ಇಪ್ಪತ್ತು ದಿನ ಹಿಡಿಯಿತು. ಅಲ್ಲಿಯತನಕ ಕಚೇರಿಯವರ ಕೈಗೆ ಸಿಗಲೆಂದು ಮನೆಯಲ್ಲಿದ್ದ ಹಳೆಯ ಗುಂಡಿ ಒತ್ತುವ ಫೋನಿಗೆ ಸಿಮ್ ಹಾಕಿಕೊಂಡೆ. ಅದರಲ್ಲಿ ಮಾತಾಡಬಹುದಿತ್ತು, ಇನ್ನೇನೂ ಮಾಡುವಂತಿರಲಿಲ್ಲ.

ನಮ್ಮ ಮನೆ ಇರುವುದು ಬನಹಟ್ಟಿಯಲ್ಲಿ. ಮನೆಯಲ್ಲಿ ನಾನು, ಅಕ್ಕ ಮತ್ತು ಎರಡು ಪಾವರ್‌ಲೂಮ್ ಮಗ್ಗಗಳು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವಳು ಇನ್ನೂ ನಿಂತೇ ಇದ್ದಾಳೆ. ಅವಳ ಮದುವೆಯ ಮಾತು ಬಂದಾಗಲೆಲ್ಲ ತಂಗಿಯ ಓದು ಮುಗಿಯಲಿ ಅನ್ನುತ್ತಿದ್ದಳು. ನನ್ನ ಓದು ಮುಗಿಯುವ ಹೊತ್ತಿಗೆ ಜನ ಮಾತು ತರುವುದನ್ನೇ ನಿಲ್ಲಿಸಿದ್ದರು. ನನ್ನ ಮದುವೆಯನ್ನು ಅವಳೇ ಮುಂದೆ ನಿಂತು ಮಾಡಿದಳು, ಅದು ಎರಡು ವರ್ಷ ನಡೆಯಿತು. ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದ ದಿನ ಅವಳು ಯಾಕೆ ಏನು ಎಂದು ಕೇಳಲಿಲ್ಲ. ತಾಟು ಹಾಕಿ ರೊಟ್ಟಿ ಬಡಿಸಿದಳು. ಆಮೇಲೆ ನನಗೆ ನೌಕರಿ ಸಿಕ್ಕಿತು. ಮೊದಲು ಬೀಳಗಿ, ಆಮೇಲೆ ಮುಧೋಳ, ಈಗ ಜಮಖಂಡಿ. ಎಲ್ಲೇ ಹಾಕಿದರೂ ಸಂಜೆ ಬಸ್ಸು ಹಿಡಿದು ಬನಹಟ್ಟಿಗೆ ಬಂದು ಸೇರುತ್ತೇನೆ.

ಮಗ್ಗದ ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಇಲ್ಲಿ ಹೇಳಬೇಕು. ಮುಂದಿನ ಪಡಸಾಲೆಯ ತುಂಬ ಮಗ್ಗಗಳು, ಹಿಂದೆ ಅಡುಗೆಮನೆ. ಬೆಳಿಗ್ಗೆ ಏಳಕ್ಕೆ ಶುರುವಾದ ಸಪ್ಪಳ ರಾತ್ರಿ ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ. ಹೊರಗಿನವರು ಬಂದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾರೆ. ನಮಗೆ ಬಾಯಿಯ ಮಾತು ಅರ್ಧ, ಕೈಯ ಮಾತು ಅರ್ಧ. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ, ಹೆಬ್ಬೆರಳು ಬಾಯಿಯ ಕಡೆ ಬಗ್ಗಿಸಿದರೆ ನೀರು, ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಎಂದು. ಉಳಿದದ್ದನ್ನು ತುಟಿ ನೋಡಿ ತಿಳಿಯುತ್ತೇವೆ, ದನಿ ತೆಗೆಯುವ ಗೋಜಿಗೇ ಹೋಗುವುದಿಲ್ಲ. ಕರೆದರೆ ಯಾರಾದರೂ ಓಗೊಡದಿದ್ದರೆ ನಮ್ಮ ಓಣಿಯಲ್ಲಿ ಅದು ಯಾರಿಗೂ ವಿಚಿತ್ರವಲ್ಲ. ಹೋಗಿ ಭುಜ ತಟ್ಟುತ್ತೇವೆ. ಹೀಗೆ ತಟ್ಟಿಯೇ ನಾವೆಲ್ಲ ಬೆಳೆದವರು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಕರೆಂಟ್ ತೆಗೆಯತೊಡಗಿದರು. ಇಡೀ ಓಣಿಯ ಮಗ್ಗಗಳು ಒಮ್ಮೆಗೇ ನಿಲ್ಲುತ್ತಿದ್ದವು. ಸಪ್ಪಳ ನಿಂತ ಕೂಡಲೇ ಮೈಮೇಲಿನ ಭಾರ ಇಳಿದ ಹಾಗೆ ಅನ್ನಿಸಬೇಕು, ಆದರೆ ನಮಗೆ ಹಾಗಾಗುವುದಿಲ್ಲ, ಕೈಕಾಲು ಆಡದಂತಾಗುತ್ತದೆ. ನೇಕಾರರೆಲ್ಲ ಕಟ್ಟೆಗೆ ಬಂದು ಕೂತು ಫೋನ್ ತೆಗೆಯುತ್ತಿದ್ದರು. ಕತ್ತಲಾದಂತೆ ಓಣಿಯುದ್ದಕ್ಕೂ ಬಗ್ಗಿದ ಮುಖಗಳಷ್ಟೇ ಕಾಣುತ್ತಿದ್ದವು. ನಾನೂ ಆ ಸಾಲಿನಲ್ಲಿ ಕೂರುತ್ತಿದ್ದವಳೇ. ಫೋನ್ ಜಮಖಂಡಿಯ ಅಂಗಡಿಯಲ್ಲಿದ್ದುದರಿಂದ ಈಗ ಸಂಜೆ ಒಳಗೇ ಉಳಿಯತೊಡಗಿದೆ.

ಮೊದಲ ನಾಲ್ಕು ದಿನ ನರಕ. ಕೈ ತಾನಾಗಿ ಫೋನ್ ಇಡುತ್ತಿದ್ದ ಕಿಟಕಿಯ ಕಡೆ, ಚೀಲದ ಕಡೆ ಹೋಗುತ್ತಿತ್ತು, ಖಾಲಿ ಬರುತ್ತಿತ್ತು. ಅಕ್ಕನ ಮೇಲೆ ಸುಮ್ಮನೆ ಸಿಡುಕಿದೆ. ಆಮೇಲೆ ನನಗೆ ಏನು ಇಷ್ಟ ಎಂದು ಕಂಡುಹಿಡಿಯುವ ಹಟ ಹಿಡಿಯಿತು. ಎಣ್ಣೆಯ ಡಬ್ಬಿಯಲ್ಲಿ ಮೆಂತ್ಯ ಬಿತ್ತಿದೆ, ಮೊಳಕೆ ಬಂತು, ನನಗೆ ಏನೂ ಅನ್ನಿಸಲಿಲ್ಲ. ಮದುವೆಗೆ ಮುಂಚೆ ಅರ್ಧಕ್ಕೆ ಬಿಟ್ಟಿದ್ದ ಕಸೂತಿಯ ಬಟ್ಟೆ ತೆಗೆದೆ. ಎಳೆ ಎಣಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ಮಡಚಿಟ್ಟೆ. ಒಂದು ಸಂಜೆ ಅಡುಗೆಮನೆಯ ಗೂಡುಗಳನ್ನೆಲ್ಲ ಖಾಲಿ ಮಾಡಿ ಒರೆಸಲು ನಿಂತೆ. ಅದು ಇಷ್ಟಕ್ಕಲ್ಲ, ಹೊತ್ತು ಹೋಗದೆ.

ಗೂಡಿಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ಒಂದು ಕಥೆಯ ತುಂಡಿತ್ತು. ಮೇಲಿನ ಅರ್ಧ ಇಲ್ಲ, ಮುಂದುವರಿದ ಪುಟವೂ ಇಲ್ಲ. ಒಬ್ಬ ಮುದುಕ ತನ್ನ ಎಮ್ಮೆ ಹುಡುಕಿಕೊಂಡು ಸಂತೆಗೆ ಬಂದು ಅಲ್ಲಿ ತನ್ನ ಬೀಗರ ಜೊತೆ ಜಗಳಕ್ಕೆ ಬೀಳುತ್ತಾನೆ, ಅಷ್ಟೇ. ಚಾರ್ಜಿಂಗ್ ದೀಪದ ಬೆಳಕಿಗೆ ಹಿಡಿದು ಓದುತ್ತ ಓದುತ್ತ ಯಾವಾಗ ದನಿ ತೆಗೆದೆನೋ ತಿಳಿಯಲಿಲ್ಲ. ಮುದುಕನಿಗೊಂದು ದನಿ, ಬೀಗರಿಗೊಂದು ದನಿ ಬಂತು. ಎದುರಿಗೆ ಅಕ್ಕ ರಾಟಿ ಇಟ್ಟುಕೊಂಡು ಕಂಡಿಕಿ ಸುತ್ತುತ್ತಿದ್ದಳು. ಕಂಡಿಕಿ ಎಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿ, ಕರೆಂಟ್ ಇಲ್ಲದಿದ್ದರೂ ಅದನ್ನು ಕೈಯಿಂದ ಸುತ್ತಬಹುದು. ಅವಳಿಗೆ ಖಾಲಿ ಹೊತ್ತು ಎಂಬುದು ಇಲ್ಲವೇ ಇಲ್ಲ. ಹಾಳೆ ಮುಗಿದಾಗ ತಲೆ ಎತ್ತಿ ನೋಡಿದೆ. ಅಕ್ಕ ನನ್ನನ್ನೇ ನೋಡುತ್ತ ನಗುತ್ತಿದ್ದಳು. ರಾಟಿಯ ಮೇಲಿನ ಕೈ ಮಾತ್ರ ತನ್ನಷ್ಟಕ್ಕೆ ತಿರುಗುತ್ತಿತ್ತು.

“ಇನ್ನೊಂದ ಓದ,” ಅಂದಳು.

ಅಷ್ಟು ಸಾಕಾಯಿತು. ಮರುದಿನ ಸಂಜೆ ಬಸ್ಸಿಳಿದವಳು ಊರಿನ ಗ್ರಂಥಾಲಯಕ್ಕೆ ಹೋದೆ. ಅದೇ ದಾರಿಯಲ್ಲಿ ಎಷ್ಟು ವರ್ಷ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿದ್ದ ಮೇಲ್ವಿಚಾರಕರು ನನ್ನನ್ನು ಯಾವುದೋ ತಪಾಸಣೆಗೆ ಬಂದವಳೆಂದು ತಿಳಿದು ಎದ್ದು ನಿಂತರು. ಪುಸ್ತಕ ಬೇಕು ಅಂದಾಗ ಅವರಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳಲಾರೆ. ಎರಡು ತೆಳ್ಳನೆಯ ಕಥೆಪುಸ್ತಕ ತಂದು ವಾರದಲ್ಲಿ ಮುಗಿಸಿದೆ. ಆಮೇಲೆ ಮುಖಪುಟವೂ ಮೊದಲ ಹಾಳೆಗಳೂ ಹರಿದುಹೋದ ಒಂದು ದಪ್ಪ ಕಾದಂಬರಿ ಸಿಕ್ಕಿತು. ಅದರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಒಬ್ಬ ತಾಯಿ ಕಾಣೆಯಾದ ಮಗಳನ್ನು ಹುಡುಕುತ್ತ ಊರೂರು ಅಲೆದು ಸಮುದ್ರದ ದಂಡೆಯ ಒಂದು ಪಟ್ಟಣ ಸೇರುವ ಕಥೆ. ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಕೃಷ್ಣಾ ಹೊಳೆ ತುಂಬಿ ಬಂದಾಗ ನೋಡಿದ್ದಷ್ಟೇ ನಮ್ಮ ನೀರು.

ದನಿ ತೆಗೆದು ಓದುವುದೆಂದರೆ ನನಗೆ ಪ್ರಾಣ ಎಂಬುದು ಹೀಗೆ ತಿಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಮೊದಲು ಯಾವುದರಿಂದಲೂ ಆಗಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಆ ಸಂಜೆಯ ಪುಟಗಳನ್ನು ಮೊದಲೇ ನೋಡಿಕೊಳ್ಳುತ್ತಿದ್ದೆ. ಚಿಮ್ಮಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಸ್ಸು ನಿಂತರೆ ಎಲ್ಲರೂ ಶಪಿಸುತ್ತಿದ್ದರು, ನನಗೆ ಎರಡು ಪುಟ ಹೆಚ್ಚು ಸಿಗುತ್ತಿತ್ತು. ತಾಯಿಯ ಮಾತನ್ನು ಎಲ್ಲಿ ತಗ್ಗಿಸಬೇಕು, ಛತ್ರದ ಯಜಮಾನ ಗದರುವುದನ್ನು ಎಲ್ಲಿ ಏರಿಸಬೇಕು ಎಂದು ತುಟಿಯಲ್ಲೇ ಆಡಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು.

ಇಪ್ಪತ್ತು ದಿನದ ಮೇಲೆ ಫೋನ್ ರಿಪೇರಿಯಾಗಿ ಬಂತು. ಹೊಸ ಪರದೆ ಫಳಫಳ ಅನ್ನುತ್ತಿತ್ತು. ಸಂಜೆ ಮನೆಗೆ ಬಂದು ಅದನ್ನು ದೇವರ ಮಾಡದಲ್ಲಿಟ್ಟೆ. ಕರೆಂಟ್ ಬರುವವರೆಗೆ ಮುಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಟ್ಟಲೂ ಇಲ್ಲ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಕಚೇರಿಯಲ್ಲಿ ಇತರರಿಗೆ ಉಪದೇಶ ಮಾಡುವ ಮಟ್ಟಕ್ಕೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಯಾರೂ ಬರುತ್ತಿರಲಿಲ್ಲ.

ಗ್ರಂಥಾಲಯದ ಮೇಲ್ವಿಚಾರಕರಿಗೆ ಈ ಓದಿನ ಸುದ್ದಿ ಹೇಗೋ ತಿಳಿದು, ಭಾನುವಾರ ಪತ್ರಿಕೆಗೆಂದು ಬರುವ ಹಿರಿಯರಲ್ಲಿ ಹಲವರಿಗೆ ಕಣ್ಣು ಕಾಣುವುದಿಲ್ಲ, ಬಂದು ಒಂದು ತಾಸು ಓದಿ ಹೇಳಬಹುದಲ್ಲ ಎಂದು ಕೇಳಿದರು. ನಾನು ಒಪ್ಪಲಿಲ್ಲ. ನನ್ನ ಓದು ನನ್ನ ಅಕ್ಕನಿಗೆ ಎಂದೆ. ಅದು ಸೊಕ್ಕಿನಿಂದ ಹೇಳಿದ್ದಲ್ಲ. ಅವಳು ಎದುರಿಗೆ ಕೂತು ಕಣ್ಣು ಮಿಟುಕಿಸದೆ ಕೇಳುತ್ತಿದ್ದರಿಂದಲೇ ನನಗೆ ಓದಲು ಬರುತ್ತಿತ್ತು. ಓದಿ ಓದಿ ನಾಲ್ಕು ಸಾಲಿಗೊಮ್ಮೆ ತಲೆ ಎತ್ತಿ ಅವಳ ಮುಖ ನೋಡುತ್ತಿದ್ದೆ, ಅವಳು ತಲೆದೂಗುತ್ತಿದ್ದಳು, ಮುಂದೆ ಹೋಗುತ್ತಿದ್ದೆ. ನಮ್ಮಿಬ್ಬರ ನಡುವೆ ಇಷ್ಟು ವರ್ಷ ರೊಟ್ಟಿ, ಪಲ್ಯ, ನೂಲು, ಬಸ್ಸಿನ ಹೊತ್ತು ಬಿಟ್ಟು ಬೇರೆ ಮಾತು ಇರಲಿಲ್ಲ. ನನಗಾಗಿ ಬಾಳನ್ನೆಲ್ಲ ಸಪ್ಪಳದಲ್ಲಿ ಕಳೆದವಳಿಗೆ ಕಡೆಗೂ ನಾನು ಏನೋ ಒಂದು ಕೊಡುತ್ತಿದ್ದೇನೆ ಎಂದು ನಂಬಿದ್ದೆ. ಈ ನಂಬಿಕೆಯೇ ನನ್ನ ಸಂತೋಷದ ಮುಕ್ಕಾಲು ಪಾಲು.

ಕೆಲವು ಸಂಗತಿಗಳು ಕಣ್ಣಿಗೆ ಬಿದ್ದಿದ್ದವು. ದೀಪವನ್ನು ನಾನು ಪುಸ್ತಕದ ಕಡೆ ತಿರುಗಿಸಿದರೆ ಅವಳು ಕೈಚಾಚಿ ನನ್ನ ಮುಖದ ಕಡೆ ತಿರುಗಿಸುತ್ತಿದ್ದಳು. ಕಣ್ಣಿಗೆ ಹೊಡೆಯುತ್ತದೆ ಎಂದು ನಾನು ಗೊಣಗುತ್ತಿದ್ದೆ. ತಾಯಿ ಅಳುವ ಕಡೆ ಅವಳು ನಕ್ಕದ್ದುಂಟು. ಯಾರಾದರೂ ಫೋನ್ ಮಾಡಿದರೆ ತಾನು ಹಿಡಿಯುತ್ತಿರಲಿಲ್ಲ, “ನೀನ ಮಾತಾಡ” ಎಂದು ನನ್ನ ಕೈಗೆ ಕೊಡುತ್ತಿದ್ದಳು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ತಪ್ಪದೆ ಹೋಗುತ್ತಿದ್ದವಳು ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ವಯಸ್ಸು, ಬೇಸರ, ಸ್ವಭಾವ ಎಂದು ಒಂದೊಂದಕ್ಕೂ ನನ್ನಲ್ಲಿ ಒಂದೊಂದು ಉತ್ತರವಿತ್ತು. ಉತ್ತರ ಇದ್ದವರು ಕೇಳಲು ಹೋಗುವುದಿಲ್ಲ.

ಕಾದಂಬರಿ ಮುಗಿಯುವ ದಿನ ಬಂತು. ಮೇ ತಿಂಗಳ ಸೆಖೆ, ಗಾಳಿ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೊನೆಯ ಪುಟಗಳನ್ನು ಎರಡು ಸಲ ಓದಿಕೊಂಡಿದ್ದೆ. ತಾಯಿಗೆ ಜ್ವರ ಬಂದು ಸಮುದ್ರದ ದಂಡೆಯ ಧರ್ಮಶಾಲೆಯಲ್ಲಿ ಮಲಗಿದ್ದಾಳೆ. ಮಗಳು ಅದೇ ಪಟ್ಟಣದಲ್ಲಿದ್ದಾಳೆ, ಇಬ್ಬರಿಗೂ ಗೊತ್ತಿಲ್ಲ. ತಾಯಿ ಅಲ್ಲೇ ಸಾಯುತ್ತಾಳೆ. ಮೊನ್ನೆ ಮೊನ್ನೆ ಬಂದ ಯಾರೋ ಅಪರಿಚಿತರು ಅವಳ ಗಂಟನ್ನು ಬಿಚ್ಚಿ ನೋಡುತ್ತಾರೆ. ಇದನ್ನು ಅಕ್ಕನಿಗೆ ಹೇಗೆ ಓದಿ ಹೇಳಲಿ ಎಂದು ಕಚೇರಿಯಲ್ಲಿ ದಿನವಿಡೀ ಯೋಚಿಸುತ್ತಿದ್ದೆ.

ಓದು ಕೊನೆಯ ಎರಡು ಪುಟಕ್ಕೆ ಬಂದಾಗ ದೀಪ ಆರಿತು. ಹಿಂದಿನ ದಿನ ಚಾರ್ಜಿಗೆ ಹಾಕುವುದನ್ನು ಮರೆತಿದ್ದೆ. ಬಾಗಿಲು ಮುಚ್ಚಿತ್ತು, ಒಳಗೆ ಕಗ್ಗತ್ತಲು. ಎದ್ದು ಫೋನ್ ತಂದರೆ ಬೆಳಕು ಸಿಗುತ್ತಿತ್ತು, ಆದರೆ ಹಟ. ಮೇಲಾಗಿ ಪುಟಗಳು ಬಾಯಿಪಾಠವೇ ಆಗಿದ್ದವು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕತ್ತಲಲ್ಲೇ ಹೇಳುತ್ತ ಹೋದೆ. ಹಾಗೆ ಹೇಳಿದ್ದು ನಾನು ನಾಲ್ಕು ತಿಂಗಳಲ್ಲಿ ಓದಿದ ಎಲ್ಲಕ್ಕಿಂತ ಚೆನ್ನಾಗಿತ್ತು, ಇವತ್ತಿಗೂ ಹಾಗೇ ಅನ್ನುತ್ತೇನೆ. ತಾಯಿಯ ಕೊನೆಯ ಮಾತನ್ನು ದನಿ ತಗ್ಗಿಸಿ ಹೇಳಿದೆ. ಅಪರಿಚಿತರು ಗಂಟಿನ ಮೊದಲ ಸುತ್ತು ಬಿಚ್ಚುತ್ತಿದ್ದರು.

ಆಗ ಕತ್ತಲಿನ ಆ ಕಡೆಯಿಂದ ಅಕ್ಕ ನಿಧಾನವಾಗಿ ಅಂದಳು:

“ಯಾಕ ನಿಂತಿ? ಬಾಯಿಲೇ ಹೇಳಬಾರದೇನ ಮುಂದಿಂದು?”

ನಾನು ನಿಂತಿರಲಿಲ್ಲ. ವಾಕ್ಯದ ನಡುವೆ ಇದ್ದೆ. ಅವಳ ಮಾತು ನನ್ನ ಮಾತಿನ ಮೇಲೆಯೇ ಬಂದು ಬಿದ್ದಿತ್ತು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು, ಹೇಳುತ್ತಾ ಇದ್ದೇನಲ್ಲ ಎಂದೆ. ಅಕ್ಕಾ ಎಂದೆ. ಇನ್ನೊಮ್ಮೆ ಜೋರಾಗಿ ಕರೆದೆ. ಮೂರನೆಯ ಸಲ ಕೂಗಿದ್ದು ಕಟ್ಟೆಯ ಮೇಲಿದ್ದವರಿಗೆ ಕೇಳಿಸಿ ಏನಾಯಿತೆಂದು ಯಾರೋ ಹೊರಗಿನಿಂದ ವಿಚಾರಿಸಿದರು. ನನ್ನಿಂದ ಎರಡು ಮಾರು ದೂರದಲ್ಲಿ ರಾಟಿ ಸುಮ್ಮನೆ ಗಿರಗಿರ ತಿರುಗುತ್ತಲೇ ಇತ್ತು.

ಕರೆಂಟ್ ಬಂದ ಮೇಲೆ ಪುಸ್ತಕ ಮುಗಿಯಿತೆಂದು ಕೈಸನ್ನೆ ಮಾಡಿದೆ, ಅವಳು ಎದ್ದು ಮಗ್ಗಕ್ಕೆ ಹೋದಳು. ಮುಂದಿನ ಎರಡು ದಿನ ನಾನು ಮಾಡಿದ್ದು ನೆನೆದರೆ ಇವತ್ತಿಗೂ ಅಸಹ್ಯವಾಗುತ್ತದೆ. ಕಳ್ಳರನ್ನು ಕಾಯುವವರಂತೆ ಅಕ್ಕನ ಬೆನ್ನ ಹಿಂದೆ ನಿಂತು ಕರೆದೆ. ಸ್ಟೀಲಿನ ತಾಟನ್ನು ಬೇಕೆಂದೇ ಬೀಳಿಸಿದೆ. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಕೂಗಿದೆ. ಅವಳು ತಿರುಗಲಿಲ್ಲ. ನನ್ನ ಮುಖ ಕಂಡ ಕೂಡಲೇ ಮಾತ್ರ ಎಂದಿನಂತೆ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು.

ರಜೆ ಹಾಕಿ ಜಮಖಂಡಿಯ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ನನಗೆ ಕಿವಿ ನೋವು, ಜೊತೆಗೆ ಬಾ ಎಂದು ಸುಳ್ಳು ಹೇಳಿದ್ದೆ. ಅವಳು ದವಾಖಾನೆಯ ಬಾಗಿಲಲ್ಲಿ ನನ್ನನ್ನು ಒಮ್ಮೆ ನೋಡಿದಳು, ಒಳಗೆ ಬಂದು ತಾನೇ ಕುರ್ಚಿಯ ಮೇಲೆ ಕೂತಳು. ಗಾಜಿನ ಕೋಣೆಯಲ್ಲಿ ಕೂರಿಸಿ ಎರಡೂ ಕಿವಿಗೆ ಯಂತ್ರ ಹಾಕಿ ನೋಡಿದರು. ಡಾಕ್ಟರರು ನರವೇ ಸೋತಿದೆ ಎಂದರು, ಮಗ್ಗದವರಲ್ಲಿ ಇದು ಹೊಸದಲ್ಲ, ಆದರೆ ಇಷ್ಟು ತಡವಾಗಿ ಬರಬಾರದಿತ್ತು ಎಂದರು. ಐದಾರು ವರ್ಷವಾದರೂ ಆಗಿರಬೇಕಂತೆ. ಕಿವಿಗೆ ಹಾಕುವ ಯಂತ್ರವನ್ನು ಒಮ್ಮೆ ಹಾಕಿ ತೋರಿಸಿದರು. ಅಕ್ಕ ಮುಖ ಕಿವುಚಿ, ಎಲ್ಲವೂ ಮಗ್ಗದ ಸಪ್ಪಳದ ಹಾಗೇ ಇದೆ ಎಂದು ತೆಗೆದುಕೊಟ್ಟಳು. ಡಾಕ್ಟರರು ನನ್ನ ಕಡೆ ತಿರುಗಿ ಕೇಳಿದರು:

“ನೀವು ಒಂದ ಮನ್ಯಾಗ ಇರ್ತೀರೇನ್ರಿ?”

ಹೌದು ಎಂದು ತಲೆಯಾಡಿಸಿದೆ. ಅವರು ಚೀಟಿ ಬರೆಯಲು ತಲೆ ಬಗ್ಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಬಂದೆವು. ಅಕ್ಕಾ ತಪ್ಪಾಯಿತು ಎಂದು ಎರಡು ಸಲ ಅಂದೆ. ಅವಳು ಕಿಟಕಿಯಾಚೆ ಕಟ್ಟಾದ ಕಬ್ಬಿನ ಗದ್ದೆಗಳನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಕೂತವಳಿಗೆ ನನ್ನ ತುಟಿ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು. ಬನಹಟ್ಟಿಯವರೆಗೆ ಬಾಯಿ ಮುಚ್ಚಿಕೊಂಡು ಕೂತೆ.

ಆ ಸಂಜೆಯೂ ಆರೂವರೆಗೆ ಕರೆಂಟ್ ಹೋಯಿತು. ದೀಪ ಹಚ್ಚಿ ಅವಳ ಎದುರಿಗೆ ಕೂತೆ. ಅವಳು ರಾಟಿ ಎಳೆದುಕೊಂಡಿರಲಿಲ್ಲ. ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಅಂದಳು. ಯಾವಾಗ ಹೋಯಿತು ಎಂಬುದು ಮಾತ್ರ ಗೊತ್ತಾಗಲಿಲ್ಲವಂತೆ. ಮೊದಮೊದಲು ಮಗ್ಗದ ಸಪ್ಪಳ ಸಣ್ಣದಾಯಿತಂತೆ, ಮಗ್ಗ ಸುಧಾರಿಸಿತು ಅಂದುಕೊಂಡಳಂತೆ. ಕೆಲಸಕ್ಕೆ ಏನೂ ಅಡ್ಡಿಯಾಗಲಿಲ್ಲ. ಎಳೆ ಹರಿದದ್ದು ಕೈಗೆ ತಿಳಿಯುತ್ತಿತ್ತು, ಓಣಿಯವರ ಮಾತು ತುಟಿಯಲ್ಲಿ ಕಾಣುತ್ತಿತ್ತು. ನನಗಾದರೂ ಹೇಳಬಾರದಿತ್ತೇ ಎಂದೆ.

“ಯಾವಾಗ ಹೇಳ್ಲಿ? ನೀ ಬಂದ ಕೂಡ್ಲೆ ಗ್ವಾಡಿಗಿ ಆತು ಕುಂದ್ರತಿದ್ದಿ, ತಲಿ ಬಗ್ಗಿಸಿ ಫೋನ್ ನೋಡಾಕ. ಏನರೆ ಅಂದ್ರೂ ಹಂಗ ಬಗ್ಗಿಸಿಕೊಂಡ ಅಂತಿದ್ದಿ. ನನಗ ನಿನ್ನ ನೆತ್ತಿ ಕಾಣತಿತ್ತು. ನೆತ್ತಿಗಿ ಏನ ಹೇಳ್ಲಿ?”

ಕೋಪವಿರಲಿಲ್ಲ ಆ ಮಾತಿನಲ್ಲಿ. ಎಳೆ ಎಲ್ಲಿ ಹರಿಯಿತು ಎಂದು ತೋರಿಸುವಷ್ಟೇ ಸರಳವಾಗಿ ಹೇಳಿದಳು. ನನಗೆ ಅದಕ್ಕಿಂತ ಮುಂದೆ ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದೆ. ಹಾಗಾದರೆ ಈ ನಾಲ್ಕು ತಿಂಗಳು ನನ್ನ ಮುಂದೆ ಕೂತು ತಲೆದೂಗಿದ್ದು ಯಾತಕ್ಕೆ, ಒಂದು ಮಾತೂ ಕೇಳಿಸದೆ?

“ಕೆಲವೊಂದು ತಿಳೀತಿತ್ತು. ರೊಟ್ಟಿ, ನೀರು, ಮನಿ, ಮಗಳು, ಇಂಥಾವು. ಉಳಿದದ್ದು ಯಾರ ತುಟಿ ಮ್ಯಾಲೂ ನೋಡಿರಲಿಲ್ಲ.” ಆಮೇಲೆ ಅಂದಳು: “ನೀ ನಾಕ ಸಾಲ ಓದಿ ತಲಿ ಎತ್ತಿ ನನ್ನ ನೋಡತಿದ್ದಿ. ಎಷ್ಟ ವರ್ಷ ಆಗಿತ್ತು ನೀ ನನ್ನ ಮಾರಿ ನೋಡಿ. ಅದಕ್ಕ ಕುಂತೆ.”

ಅತ್ತುಬಿಟ್ಟೆ. ದನಿ ತೆಗೆದೇ ಅತ್ತೆ, ಹೇಗೂ ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ. ಅವಳು ಎದ್ದು ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಹೆಮ್ಮೆಪಟ್ಟುಕೊಂಡ ದನಿ, ಮುದುಕನಿಗೊಂದು ತಾಯಿಗೊಂದು ಎಂದು ಬಸ್ಸಿನಲ್ಲಿ ಸವೆಸಿದ ದನಿ, ಒಂದೂ ಅವಳನ್ನು ಮುಟ್ಟಿರಲಿಲ್ಲ. ನನಗೆ ಏನು ಇಷ್ಟ ಎಂಬುದು ನಲವತ್ತಾರನೆಯ ವಯಸ್ಸಿಗೆ ಸಿಕ್ಕಿತು. ಅದನ್ನು ಯಾರಿಗಾಗಿ ಇಷ್ಟಪಟ್ಟೆನೋ ಅವಳ ಕಿವಿ, ನಾನು ಪರದೆಯಲ್ಲಿ ಯಾರದೋ ಮದುವೆ ನೋಡುತ್ತಿದ್ದ ಯಾವುದೋ ಸಂಜೆ, ನನ್ನ ಎದುರಿಗೇ ಹೋಗಿತ್ತು. ಆ ಸಂಜೆಗಳಲ್ಲಿ ಒಂದು ದಿನ ತಲೆ ಎತ್ತಿದ್ದರೂ ತಿಳಿಯುತ್ತಿತ್ತು. ಈ ತಪ್ಪಿಗೆ ನಾನು ಯಾರನ್ನೂ ಹೊಣೆ ಮಾಡಲಾರೆ.

ಅಳು ನಿಂತ ಮೇಲೆ ಆ ದಪ್ಪ ಪುಸ್ತಕವನ್ನು ಎತ್ತಿ ತೋರಿಸಿ, ಇದರಲ್ಲಿ ನಿನಗೆ ಏನು ತಿಳಿಯಿತು ಎಂದು ಕೇಳಿದೆ. ಅವಳು ಪುಸ್ತಕವನ್ನು ಕೈಗೆ ತೆಗೆದುಕೊಂಡು ಹರಿದ ಅಂಚನ್ನು ಬೆರಳಿನಿಂದ ಸರಿಮಾಡಿದಳು.

“ತಂಗಿ ದೂರ ಎಲ್ಲೋ ಹೋಗಿದ್ಲು. ಅಕ್ಕ ಮನ್ಯಾಗ ಹಾದಿ ಕಾಯಕೋತ ಕುಂತಿದ್ಲು. ಕಡೀಕ ಏನಾತು ಅನ್ನೂದ ಆವತ್ತ ದೀಪಾ ಆರಿ ಕಾಣಲಿಲ್ಲ. ತಂಗಿ ಬಂದ್ಲೇನ ಮನಿಗಿ?”

ಆ ಪುಸ್ತಕದಲ್ಲಿ ಅಕ್ಕನೂ ಇರಲಿಲ್ಲ, ತಂಗಿಯೂ ಇರಲಿಲ್ಲ. ದೀಪವನ್ನು ನನ್ನ ಮುಖದ ಹತ್ತಿರ ಎಳೆದುಕೊಂಡೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಒಂದೊಂದೇ ಮಾತನ್ನು ಬಿಡಿಸಿ, ನಿಧಾನವಾಗಿ ಹೇಳಿದೆ:

“ಬಂದ್ಲು ಬೇ. ಭಾಳ ತಡಾ ಮಾಡಿ ಬಂದ್ಲು.”